ತತ-ವಿತತ ವಿಚಾರ: ವಾದ್ಯಕುಲಗಳ ಸಂಜ್ಞೆಯೂ ಪಾಠಶೋಧಕನ ಮಿತಿಯೂ

ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದ 24ನೆಯ ಸೂತ್ರವು ಪುದ್ಗಲದ ಪರ್ಯಾಯಗಳನ್ನು ಎಣಿಸುವಾಗ ಶಬ್ದವನ್ನೇ ಮೊದಲು ಹೇಳಿದೆ. ಇದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬರೆದಿರುವ ವ್ಯಾಖ್ಯಾನವು ವಿದ್ವಾಂಸರಿಗೆ ಪರಿಚಿತವಾದುದೇ. ಶಬ್ದವು ಭಾಷಾರೂಪವೆಂದೂ ಅಭಾಷಾರೂಪವೆಂದೂ ಎರಡು ಬಗೆ. ಅಭಾಷಾರೂಪವು ಪ್ರಾಯೋಗಿಕವೆಂದೂ ವೈಸ್ರಸಿಕವೆಂದೂ ಮತ್ತೆ ಎರಡು ಬಗೆ. ಮೇಘಗರ್ಜನೆಯಂತೆ ತಾನಾಗಿ ಹುಟ್ಟುವುದು ವೈಸ್ರಸಿಕ. ಪ್ರಯತ್ನದಿಂದ ಹುಟ್ಟಿಸಲ್ಪಡುವುದು ಪ್ರಾಯೋಗಿಕ. ಈ ಪ್ರಾಯೋಗಿಕವು ತತ, ವಿತತ, ಘನ, ಸೌಷಿರ ಎಂದು ನಾಲ್ಕು ಬಗೆ. ವಾದ್ಯಗಳ ನಾಲ್ಕು ಕುಲಗಳೆಂದು ಲೋಕದಲ್ಲಿ ಪ್ರಸಿದ್ಧವಾಗಿರುವುದು ಇವೇ.

ಇಷ್ಟರವರೆಗೆ ತೊಡಕಿಲ್ಲ. ತಾಲ, ಘಂಟೆ ಮುಂತಾದವುಗಳ ಹೊಡೆತದಿಂದ ಹುಟ್ಟುವುದು ಘನ, ಕೊಳಲು, ಶಂಖ ಮುಂತಾದವುಗಳಿಂದ ಹುಟ್ಟುವುದು ಸೌಷಿರ ಎಂಬಲ್ಲಿಯೂ ವಿವಾದವಿಲ್ಲ. ತೊಡಕಿರುವುದು ಮೊದಲಿನ ಎರಡರಲ್ಲಿ. ಪೂಜ್ಯಪಾದರ ಪ್ರಕಾರ ತೊಗಲನ್ನು ಬಿಗಿಯುವುದರಿಂದ ಹುಟ್ಟುವ, ಎಂದರೆ ಪುಷ್ಕರ, ಭೇರಿ, ದರ್ದುರ ಮೊದಲಾದವುಗಳ ಶಬ್ದವು ತತ. ತಂತಿಯನ್ನು ಕಟ್ಟಿದ ವೀಣೆ, ಸುಘೋಷ ಮೊದಲಾದವುಗಳ ಶಬ್ದವು ವಿತತ. ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದ ಯಾರಿಗಾದರೂ ಇಲ್ಲಿ ಕಣ್ಣು ತಡೆಯುತ್ತದೆ. ಏಕೆಂದರೆ ಅಮರಸಿಂಹನು ವೀಣೆಯ ಕುಲಕ್ಕೆ ತತವೆಂದು ಹೆಸರಿಟ್ಟಿದ್ದಾನೆ. ಹೀಗಿರಲು ಸರ್ವಾರ್ಥಸಿದ್ಧಿಯ ಪಾಠದಲ್ಲಿ ಲಿಪಿಕಾರನ ಪ್ರಮಾದದಿಂದ ತತವಿತತಗಳು ಅದಲುಬದಲಾಗಿವೆ, ಅವನ್ನು ಸ್ವಸ್ಥಾನಕ್ಕೆ ಸೇರಿಸುವುದು ಸಂಪಾದಕನ ಕರ್ತವ್ಯ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವನ್ನು ಎತ್ತಿಕೊಳ್ಳುವುದಕ್ಕೆ ನನಗೆ ಒಂದು ಸ್ವಂತ ಕಾರಣವೂ ಉಂಟು. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಬಸದಿಯ ಭಂಡಾರದಲ್ಲಿದ್ದ ಸರ್ವಾರ್ಥಸಿದ್ಧಿಯ ಓಲೆಗರಿಯ ಪ್ರತಿಯನ್ನು ಕಾಗದಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ಸ್ಥಳಕ್ಕೆ ಬಂದಾಗ ನಾನು ಹೆಚ್ಚು ಯೋಚಿಸದೆ ತತವನ್ನು ವೀಣೆಯ ಮುಂದೆಯೂ ವಿತತವನ್ನು ಭೇರಿಯ ಮುಂದೆಯೂ ಬರೆದೆ. ಅದಕ್ಕೆ ತಕ್ಕಂತೆ ಸಂಧಿಯನ್ನೂ ಸರಿಪಡಿಸಿದೆ. ಅಂಚಿನಲ್ಲಿ ಒಂದು ಗುರುತನ್ನೂ ಹಾಕಲಿಲ್ಲ. ಅಶುದ್ಧವನ್ನು ಶುದ್ಧಗೊಳಿಸಿದೆನೆಂಬ ಸಂತೋಷ ಮಾತ್ರ ಉಳಿಯಿತು. ಕೆಲವು ವರ್ಷಗಳ ಹಿಂದೆ ಸಂಶೋಧನ ವಿದ್ಯಾರ್ಥಿಯೊಬ್ಬರು ತಮ್ಮ ಲೇಖನವನ್ನು ನನಗೆ ತೋರಿಸಿದರು. ಅದರಲ್ಲಿ ದಕ್ಷಿಣದ ಓಲೆಗರಿಯ ಪರಂಪರೆಯಲ್ಲಿ ಪೂಜ್ಯಪಾದರ ಪಾಠವು ಅಮರಕೋಶಕ್ಕೆ ಅನುಗುಣವಾಗಿಯೇ ಇದೆ, ಅಚ್ಚಾದ ಪಾಠವೇ ಚಿಂತ್ಯ ಎಂದು ಬರೆದಿತ್ತು. ಆಧಾರವೇನೆಂದು ಕೇಳಿದಾಗ ಅವರು ತೋರಿಸಿದ್ದು ನನ್ನ ಕೈಬರಹವನ್ನೇ! ಮೂಲವನ್ನು ನೋಡೋಣವೆಂದು ಹೋದರೆ ಆ ಗರಿಯ ಆ ಭಾಗವನ್ನು ಹುಳು ತಿಂದುಹಾಕಿತ್ತು. ಈಗ ಆ ಪ್ರತಿಗೆ ಸಾಕ್ಷಿಯಾಗಿ ಉಳಿದಿರುವುದು ನನ್ನ ಕಾಗದವೊಂದೇ; ಆ ಸಾಕ್ಷಿಯು ಸುಳ್ಳು ಹೇಳುತ್ತಿದೆ.

ಅಸ್ತು. ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸುವುದು ನ್ಯಾಯ. ತತವೆಂದರೆ ತಂತಿಯ ವಾದ್ಯ ಎಂಬುದು ಅಮರನೊಬ್ಬನ ಮಾತಲ್ಲ. ಭರತನ ನಾಟ್ಯಶಾಸ್ತ್ರದ 28ನೆಯ ಅಧ್ಯಾಯವು ಆತೋದ್ಯವನ್ನು ತತ, ಅವನದ್ಧ, ಘನ, ಸುಷಿರವೆಂದು ವಿಭಾಗಿಸಿ ತತಕ್ಕೆ ತಂತಿಯನ್ನೇ ಲಕ್ಷಣವಾಗಿ ಹೇಳುತ್ತದೆ. 13ನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರವೂ ಇದೇ ದಾರಿಯಲ್ಲಿ ನಡೆಯುತ್ತದೆ. ಇನ್ನು ನಮ್ಮ ಆಚಾರ್ಯರಲ್ಲಿಯೇ ವೀರಸೇನರು 816ರಲ್ಲಿ ಮುಗಿಸಿದ ಧವಳಾ ಟೀಕೆಯಲ್ಲಿ ವೀಣೆಯೇ ಮೊದಲಾದವುಗಳಿಂದ ಹುಟ್ಟಿದುದನ್ನು ತತವೆಂದೂ, ಭೇರಿ, ಮೃದಂಗ, ಪಟಹಗಳಿಂದ ಹುಟ್ಟಿದುದನ್ನು ವಿತತವೆಂದೂ, ಜಯಘಂಟೆ ಮುಂತಾದವುಗಳಿಂದ ಹುಟ್ಟಿದುದನ್ನು ಘನವೆಂದೂ, ಕೊಳಲು, ಶಂಖ, ಕಾಹಳೆಗಳಿಂದ ಹುಟ್ಟಿದುದನ್ನು ಸುಷಿರವೆಂದೂ ಹೇಳಿದ್ದಾರೆ. ಪಂಚಾಸ್ತಿಕಾಯದ ತಾತ್ಪರ್ಯವೃತ್ತಿಯಲ್ಲಿ ಜಯಸೇನರೂ ದ್ರವ್ಯಸಂಗ್ರಹದ ವೃತ್ತಿಯಲ್ಲಿ ಬ್ರಹ್ಮದೇವರೂ ಎತ್ತಿಕೊಳ್ಳುವ ಶ್ಲೋಕವೊಂದರಲ್ಲಿ ಇದೇ ಹಂಚಿಕೆಯಿದೆ. ಇಷ್ಟು ಜನ ಆಚಾರ್ಯರು ಒಂದು ಕಡೆಯಿರಲು ಪೂಜ್ಯಪಾದರೊಬ್ಬರೇ ಬೇರೆ ಹೇಳಿಯಾರೇ? ಹೇಳಿರಲಾರರು, ಆದುದರಿಂದ ತಪ್ಪು ಲಿಪಿಕಾರನದೇ, ಎಂಬುದು ಪೂರ್ವಪಕ್ಷದ ಹೃದಯ.

ಇದಕ್ಕೆ ಸಮಾಧಾನವನ್ನು ಸರ್ವಾರ್ಥಸಿದ್ಧಿಯ ಪಂಕ್ತಿಯ ಒಳಗಿನಿಂದಲೇ ಹೊರಡಿಸಬೇಕು.

ಮೊದಲನೆಯದು ಕ್ರಮ. ಪೂಜ್ಯಪಾದರು ತತ, ವಿತತ, ಘನ, ಸೌಷಿರವೆಂದು ಎಣಿಸಿ ಅದೇ ಅನುಕ್ರಮದಲ್ಲಿ ಒಂದೊಂದನ್ನೂ ವಿವರಿಸುತ್ತಾರೆ. ವಿವರಣೆಯಲ್ಲಿ ಮೊದಲು ಬರುವುದು ತೊಗಲು, ಎರಡನೆಯದು ತಂತಿ. ಹೆಸರುಗಳನ್ನು ಮಾತ್ರ ಬದಲಾಯಿಸಿದರೆ ವಿವರಣೆಯ ಅನುಕ್ರಮವು ಎಣಿಕೆಯ ಅನುಕ್ರಮಕ್ಕೆ ವಿರುದ್ಧವಾಗುತ್ತದೆ. ಅದನ್ನು ತಪ್ಪಿಸಬೇಕಾದರೆ ಎರಡು ವಾಕ್ಯಗಳನ್ನೇ ಇಡಿಯಾಗಿ ಸ್ಥಳಾಂತರಿಸಬೇಕು. ಕಂಠ ಹಿಡಿದ ಲಿಪಿಕಾರನ ಕಣ್ಣು ಒಂದು ಪದವನ್ನು ಹಾರಿಸಬಹುದು, ಒಂದು ಪಂಕ್ತಿಯನ್ನು ಬಿಡಬಹುದು. ಆದರೆ ಎರಡು ವಾಕ್ಯಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಏನೂ ನಡೆಯಲಿಲ್ಲವೆಂಬಂತೆ ಮುಂದುವರಿಯುವುದು ಪ್ರಮಾದದ ಸ್ವಭಾವವಲ್ಲ.

ಎರಡನೆಯದು ಸಂಧಿ. ಈ ವಾಕ್ಯಗಳಲ್ಲಿ ತತ ಎಂಬ ಪದದ ಹಿಂದೆ ಬರುವ ಪದದ ವಿಸರ್ಗವು ಸಕಾರವಾಗಿ ಮುಂದಿನ ತಕಾರದೊಡನೆ ಒತ್ತಕ್ಷರವಾಗಿ ಕೂಡಿದೆ. ವಿತತ ಎಂಬ ಪದದ ಹಿಂದಿನ ವಿಸರ್ಗವು ವಕಾರ ಪರವಾಗಿರುವುದರಿಂದ ಓಕಾರವಾಗಿದೆ. ಎಂದರೆ ಈ ಎರಡು ಸಂಜ್ಞೆಗಳು ಅವುಗಳ ಹಿಂದಿನ ಪದಗಳಿಗೆ ಬೀಗ ಹಾಕಿದಂತೆ ಸೇರಿಕೊಂಡಿವೆ. ಕೈತಪ್ಪಿನಿಂದ ಹೆಸರುಗಳು ಅದಲುಬದಲಾಗಿದ್ದರೆ ಎಲ್ಲಿಯಾದರೂ ಒಂದು ಕೆಟ್ಟ ಸಂಧಿ ಉಳಿದುಕೊಳ್ಳಬೇಕಾಗಿತ್ತು, ಹಾಗೆ ಉಳಿದಿಲ್ಲ. ಆದುದರಿಂದ ಇದು ಗ್ರಂಥಕಾರರದೇ ಪಾಠ, ಅಥವಾ ವ್ಯಾಕರಣ ಬಲ್ಲವನೊಬ್ಬನು ಬುದ್ಧಿಪೂರ್ವಕವಾಗಿ ತಿದ್ದಿದ ಪಾಠ. ಬುದ್ಧಿಪೂರ್ವಕವಾಗಿ ತಿದ್ದುವವನು ಪ್ರಸಿದ್ಧವಾದುದನ್ನು ಬಿಟ್ಟು ಅಪ್ರಸಿದ್ಧವಾದುದರ ಕಡೆಗೆ ಏಕೆ ತಿದ್ದಿಯಾನು? ತಿದ್ದುವ ಕೈ ಯಾವಾಗಲೂ ಅಮರನ ಕಡೆಗೆ ವಾಲುತ್ತದೆ, ನನ್ನ ಕೈ ವಾಲಿದಂತೆ. ಕಠಿನಪಾಠವೇ ಮೂಲಕ್ಕೆ ಹತ್ತಿರವೆಂಬ ಪಾಠಶೋಧನೆಯ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸುಲಭವಾಗಿ ದೊರೆಯದು.

ಮೂರನೆಯದು ಅಕಲಂಕದೇವರ ಸಾಕ್ಷ್ಯ. 8ನೆಯ ಶತಮಾನದ ತತ್ತ್ವಾರ್ಥವಾರ್ತಿಕವು ಸರ್ವಾರ್ಥಸಿದ್ಧಿಯನ್ನು ಹೆಜ್ಜೆಹೆಜ್ಜೆಗೂ ಅನುಸರಿಸುವ ಗ್ರಂಥ. ಅಲ್ಲಿಯೂ ತೊಗಲಿನ ಬಿಗಿತವೇ ತತಕ್ಕೆ ನಿಮಿತ್ತ. ವೀಣೆ, ಸುಘೋಷಗಳು ವಿತತದಲ್ಲಿಯೇ ಇವೆ. ಅಕಲಂಕರ ಮುಂದಿದ್ದ ಸರ್ವಾರ್ಥಸಿದ್ಧಿಯ ಪ್ರತಿಯಲ್ಲಿಯೂ ಹೀಗೆಯೇ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಂದು ನಮಗೆ ದೊರೆಯುವ ಓಲೆಗರಿಗಳೆಲ್ಲವೂ ಅದಕ್ಕಿಂತ ಎಷ್ಟೋ ಈಚಿನವು. ಭಾರತೀಯ ಜ್ಞಾನಪೀಠದಿಂದ ಪಂಡಿತ ಮಹೇಂದ್ರಕುಮಾರರು ವಾರ್ತಿಕವನ್ನು 1953 ಮತ್ತು 1957ರಲ್ಲಿಯೂ, ಪಂಡಿತ ಫೂಲಚಂದ್ರರು ಸರ್ವಾರ್ಥಸಿದ್ಧಿಯನ್ನು 1955ರಲ್ಲಿಯೂ ಪ್ರಕಟಿಸಿದಾಗ ಈ ಪಾಠವನ್ನು ಕದಲಿಸದೆ ಉಳಿಸಿದುದು ಅವರ ವಿವೇಕಕ್ಕೆ ನಿದರ್ಶನ.

ನಾಲ್ಕನೆಯದಾಗಿ, ಅಮರ ಮತ್ತು ಭರತರನ್ನು ಸಾಕ್ಷಿಗೆ ಕರೆಯುವವರು ಒಂದು ಅಂಶವನ್ನು ಮರೆಯುತ್ತಾರೆ. ಅವರಿಬ್ಬರ ನಾಲ್ಕು ಕುಲಗಳಲ್ಲಿ ವಿತತವೆಂಬ ಹೆಸರೇ ಇಲ್ಲ. ತೊಗಲಿನ ವಾದ್ಯಕ್ಕೆ ಒಬ್ಬನು ಆನದ್ಧವೆಂದೂ ಇನ್ನೊಬ್ಬನು ಅವನದ್ಧವೆಂದೂ ಹೆಸರಿಡುತ್ತಾನೆ. ಎರಡಕ್ಕೂ ಕಟ್ಟಿದ, ಮುಚ್ಚಿ ಬಿಗಿದ ಎಂದೇ ಅರ್ಥ. ತತ ಮತ್ತು ವಿತತ ಎರಡನ್ನೂ ಜೋಡಿಯಾಗಿ ಇಟ್ಟುಕೊಂಡಿರುವುದು ನಮ್ಮ ಆಗಮಪರಂಪರೆ. ಶ್ವೇತಾಂಬರರ ಸ್ಥಾನಾಂಗಸೂತ್ರದ ನಾಲ್ಕು ವಾದ್ಯಗಳಲ್ಲಿಯೂ ಈ ಜೋಡಿಯಿದೆ. ತತ್ತ್ವಾರ್ಥಭಾಷ್ಯದ ಆರು ಬಗೆಯ ಶಬ್ದಗಳಲ್ಲಿಯೂ ಇದೆ. ಬೌದ್ಧರ ಪಾಲಿ ಅಟ್ಠಕಥೆಗಳಲ್ಲಿ ತೂರ್ಯವು ಆತತ, ವಿತತ, ಆತತವಿತತ, ಘನ, ಸುಷಿರವೆಂದು ಐದಂಗವುಳ್ಳದ್ದು. ಅಲ್ಲಿ ಒಂದು ಮುಖಕ್ಕೆ ತೊಗಲು ಹೊದಿಸಿದುದು ಆತತ, ಎರಡು ಮುಖಕ್ಕೂ ಹೊದಿಸಿದುದು ವಿತತ. ಎಂದರೆ ಎರಡೂ ಚರ್ಮವಾದ್ಯಗಳೇ! ಹೀಗೆ ಒಂದೇ ಧಾತುವಿನಿಂದ ಹುಟ್ಟಿದ ಹೆಸರುಗಳು ಮೂರು ಪರಂಪರೆಗಳಲ್ಲಿ ಮೂರು ಬಗೆಯಾಗಿ ನೆಲೆನಿಂತಿವೆ. ತತ ಎಂಬ ಹೆಸರು ತೊಗಲಿಗೆ ಸಲ್ಲಲಾರದೆಂದು ಹೇಳುವುದಕ್ಕೆ ಆಧಾರವಿಲ್ಲ.

ಇಲ್ಲಿ ವ್ಯುತ್ಪತ್ತಿಯ ಆಶ್ರಯವನ್ನು ಬೇಡುವವರಿದ್ದಾರೆ. ಅದರಿಂದ ನಿರ್ಣಯವಾಗದು. ತತ, ವಿತತಗಳೆರಡೂ ಹರಡು, ಎಳೆದು ಬಿಗಿ ಎಂಬ ಅರ್ಥದ ತನ್ ಧಾತುವಿನಿಂದ ಬಂದವು. ಪೂಜ್ಯಪಾದರು ತೊಗಲಿನ ವಾದ್ಯವನ್ನು ವಿವರಿಸುವಾಗ ಅದೇ ಧಾತುವಿನ ನಾಮರೂಪವನ್ನು ಬಳಸಿರುವುದರಿಂದ ತತಸಂಜ್ಞೆಯನ್ನು ಅವರು ಬುದ್ಧಿಪೂರ್ವಕವಾಗಿ ಸಮರ್ಥಿಸುತ್ತಿದ್ದಾರೆಂದು ನಾನು ಭಾವಿಸುತ್ತೇನೆ. ಆದರೆ ತಂತ್ರೀ ಎಂಬ ಪದವೂ ಅದೇ ಧಾತುವಿನದಲ್ಲವೇ ಎಂದು ಪ್ರತಿವಾದಿಯು ಕೇಳಬಹುದು. ಆ ಪ್ರಶ್ನೆಯೂ ಸರಿಯೇ. ವಸ್ತುಸ್ಥಿತಿಯನ್ನು ನೋಡಿದರೂ ಹಾಗೆಯೇ ಇದೆ. ಬಿಗಿಯದ ತೊಗಲು ನುಡಿಯುವುದಿಲ್ಲ, ಬಿಗಿಯದ ತಂತಿಯೂ ನುಡಿಯುವುದಿಲ್ಲ. ಘನವಾದ್ಯಕ್ಕೆ ಬಿಗಿತ ಬೇಕಿಲ್ಲ. ಕಂಚು ತನ್ನ ಗಟ್ಟಿತನದಿಂದಲೇ ನುಡಿಯುತ್ತದೆ. ಸುಷಿರದಲ್ಲಿ ನುಡಿಯುವುದು ಒಳಗಿನ ಗಾಳಿ. ಹೀಗೆ ಬಿಗಿತವೆಂಬುದು ಮೊದಲಿನ ಎರಡು ಕುಲಗಳ ಸಾಮಾನ್ಯಧರ್ಮವಾಗಿರುವುದರಿಂದಲೇ ಅವುಗಳ ಹೆಸರುಗಳು ಒಂದೇ ಧಾತುವಿನ ಎರಡು ರೂಪಗಳಾದವು. ಅದರಿಂದಲೇ ಯಾವುದು ಯಾವುದಕ್ಕೆ ಎಂಬಲ್ಲಿ ಪರಂಪರೆಗಳು ಬೇರೆಯಾದವು. ತಮಿಳಿನಲ್ಲಿ ತೋಲ್, ತುಳೈ, ನರಂಬು, ಕಂಜ ಎಂದು ವಸ್ತುವಿನಿಂದಲೇ ವಾದ್ಯಕುಲಗಳನ್ನು ಹೆಸರಿಸುವುದರಿಂದ ಅಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ.

ಹೆಸರನ್ನು ನೋಡಿ ಕುಲವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೇ ಪಂಕ್ತಿಯ ಸುಘೋಷ ಶಬ್ದವು ಸಾಕು. ಪೂಜ್ಯಪಾದರಲ್ಲಿ ಅದು ತಂತಿಯ ವಾದ್ಯ. ಶ್ವೇತಾಂಬರರ ಜಂಬೂದ್ವೀಪಪ್ರಜ್ಞಪ್ತಿಯಲ್ಲಿ ಜಿನಜನ್ಮೋತ್ಸವದ ಸಂದರ್ಭದಲ್ಲಿ ಸೌಧರ್ಮೇಂದ್ರನ ಆಜ್ಞೆಯಿಂದ ಹರಿಣೈಗಮೇಷಿಯು ಮೊಳಗಿಸುವ ಘಂಟೆಯ ಹೆಸರು ಸುಘೋಷಾ. ಭಗವದ್ಗೀತೆಯ ಮೊದಲನೆಯ ಅಧ್ಯಾಯದಲ್ಲಿ ನಕುಲನ ಶಂಖದ ಹೆಸರು ಸುಘೋಷ. ಒಂದೇ ಹೆಸರು ತಂತಿಯಲ್ಲಿ ಒಮ್ಮೆ, ಘನದಲ್ಲಿ ಒಮ್ಮೆ, ಸುಷಿರದಲ್ಲಿ ಒಮ್ಮೆ! ಘಂಟೆಯ ಕಥೆಯನ್ನು ಮಾತ್ರ ಬಲ್ಲವನು ಸರ್ವಾರ್ಥಸಿದ್ಧಿಯ ಸುಘೋಷವನ್ನು ಎತ್ತಿ ಘನದ ಪಂಕ್ತಿಗೆ ಹಾಕಬೇಕೆನ್ನುತ್ತಾನೆ. ಗೀತೆಯನ್ನು ಮಾತ್ರ ಬಲ್ಲವನು ಸೌಷಿರಕ್ಕೆ ಹಾಕಬೇಕೆನ್ನುತ್ತಾನೆ. ಹೀಗೆ ಒಬ್ಬೊಬ್ಬ ಪಂಡಿತನೂ ತನಗೆ ತಿಳಿದುದರಿಂದ ತಿದ್ದುತ್ತ ಹೋದರೆ ಪೂಜ್ಯಪಾದರ ಗ್ರಂಥದಲ್ಲಿ ಪೂಜ್ಯಪಾದರು ಉಳಿಯುವುದಿಲ್ಲ. ಪುಷ್ಕರವೆಂದರೆ ತಾವರೆಯೂ ಹೌದು, ದರ್ದುರವೆಂದರೆ ಕಪ್ಪೆಯೂ ಹೌದು. ಇಲ್ಲಿ ಅವು ವಾದ್ಯಗಳೆಂದು ನಮಗೆ ಹೇಳುವುದು ಪ್ರಕರಣವೇ ಹೊರತು ಕೋಶವಲ್ಲ.

ಪೂಜ್ಯಪಾದರ ಪ್ರಯೋಜನವನ್ನೂ ಗಮನಿಸಬೇಕು. ಅವರು ಬರೆಯುತ್ತಿದ್ದುದು ಸಂಗೀತಶಾಸ್ತ್ರವನ್ನಲ್ಲ. ವಾದ್ಯಗಳ ಲಕ್ಷಣವನ್ನೇ ಉದ್ದೇಶವಾಗಿಟ್ಟುಕೊಂಡ ಗ್ರಂಥಗಳು ಜೈನರಲ್ಲಿ ಬೇರೆ ಇವೆ. ದಿಗಂಬರ ಪಾರ್ಶ್ವದೇವನ ಸಂಗೀತಸಮಯಸಾರ, ಶ್ವೇತಾಂಬರ ಸುಧಾಕಲಶನು 1350ರಲ್ಲಿ ರಚಿಸಿದ ಸಂಗೀತೋಪನಿಷತ್ಸಾರೋದ್ಧಾರಗಳು ಅಂತಹವು. ಸೂತ್ರದ ವ್ಯಾಖ್ಯಾನಕಾರರಿಗೆ ಬೇಕಾಗಿರುವುದು ಶಬ್ದವು ಪುದ್ಗಲದ ಪರ್ಯಾಯವೆಂಬ ಸಿದ್ಧಾಂತ. ಶಬ್ದವು ಆಕಾಶದ ಗುಣವೆನ್ನುವ ವೈಶೇಷಿಕರಿಗೆ ಇದು ವಿರುದ್ಧ. ತೊಗಲು, ತಂತಿ, ಕಂಚು, ಬಿದಿರು ಎಂಬ ಮೂರ್ತದ್ರವ್ಯಗಳನ್ನು ನಿಮಿತ್ತಗಳಾಗಿ ಹೇಳುತ್ತ ಹೋಗುವುದು ಆ ಸಿದ್ಧಾಂತಕ್ಕೆ ಪೋಷಕ. ಆದುದರಿಂದ ಯಾವ ನಿಮಿತ್ತದಿಂದ ಯಾವ ಶಬ್ದ ಹುಟ್ಟುತ್ತದೆಯೆಂಬುದೇ ಇಲ್ಲಿ ಮುಖ್ಯ, ಸಂಜ್ಞೆ ಗೌಣ. ಪೂಜ್ಯಪಾದರಿಗೂ ವೀರಸೇನರಿಗೂ ಇರುವುದು ಸಂಜ್ಞಾಭೇದ ಮಾತ್ರ, ಅರ್ಥಭೇದವಲ್ಲ. ಕುಲಗಳು ನಾಲ್ಕೆಂಬಲ್ಲಿ, ಅವುಗಳ ದ್ರವ್ಯಗಳಲ್ಲಿ ಇಬ್ಬರಿಗೂ ಐಕಮತ್ಯವಿದೆ. ಆಚಾರ್ಯವಚನಗಳಲ್ಲಿ ವಿರೋಧ ಬಂದೀತೆಂಬ ಭಯದಿಂದ ಪಾಠವನ್ನು ಸಮಗೊಳಿಸಲು ಹೊರಡುವವರು ಈ ವಿವೇಕವನ್ನು ಮಾಡಿಕೊಂಡರೆ ಆ ಭಯಕ್ಕೆ ಕಾರಣವೇ ಉಳಿಯುವುದಿಲ್ಲ.

ಹಾಗಾದರೆ ಸಂಜ್ಞೆಯು ಗೌಣವಾಗಿರಲು ಅದಕ್ಕಾಗಿ ಇಷ್ಟು ಚರ್ಚೆಯೇಕೆ ಎಂದು ಕೇಳಬಹುದು. ಸಿದ್ಧಾಂತಕ್ಕೆ ಗೌಣವಾದುದು ಇತಿಹಾಸಕ್ಕೆ ಮುಖ್ಯವಾಗಬಹುದು. 1877ರಲ್ಲಿ ಬ್ರಸೆಲ್ಸ್ ನಗರದಲ್ಲಿ ಸ್ಥಾಪನೆಯಾದ ವಾದ್ಯಸಂಗ್ರಹಾಲಯಕ್ಕೆ ವಂಗದೇಶದ ಸೌರೀಂದ್ರಮೋಹನ ಠಾಕೂರರು ಉಡುಗೊರೆಯಾಗಿ ಕಳಿಸಿದ್ದ ಭಾರತೀಯ ವಾದ್ಯಗಳು ಸೇರಿದವು. ಅದರ ಪಾಲಕ ಮಹಿಯೋಂ 1880ರ ಸೂಚೀಗ್ರಂಥದಲ್ಲಿ ನುಡಿಯುವ ದ್ರವ್ಯವನ್ನು ಆಧರಿಸಿ ವಾದ್ಯಗಳನ್ನು ನಾಲ್ಕು ವರ್ಗ ಮಾಡಿದನು. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಅದನ್ನು ವಿಸ್ತರಿಸಿದರು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಆ ವಿಭಾಗವು ನಮ್ಮ ಚತುರ್ವಿಧ ವಿಭಾಗವನ್ನು ಹೋಲುತ್ತದೆಂಬುದನ್ನು ಸಂಗೀತದ ಇತಿಹಾಸಕಾರರು ಒಪ್ಪಿದ್ದಾರೆ. ಆದರೆ ಅವರು ಭಾರತೀಯ ವಿಭಾಗವನ್ನು ವಿವರಿಸುವಾಗ ಸಾಮಾನ್ಯವಾಗಿ ಭರತನನ್ನು ಉದಾಹರಿಸಿ ಮುಗಿಸುತ್ತಾರೆ. ತೊಗಲನ್ನು ತತವೆಂದು ಕರೆದ ಒಂದು ಪ್ರಾಚೀನ ಪರಂಪರೆಯಿತ್ತೆಂಬುದಕ್ಕೆ ಕರ್ಣಾಟಕದಲ್ಲಿ ಬಾಳಿದ ಪೂಜ್ಯಪಾದರ ಒಂದು ಪಂಕ್ತಿಯು ಸಾಕ್ಷಿ. ಅದನ್ನು ಅಮರನಿಗೆ ಹೊಂದಿಸಿಬಿಟ್ಟರೆ ಭರತನ ದಾರಿಗಿಂತ ಬೇರೊಂದು ದಾರಿಯಿತ್ತೆಂಬ ಸುಳಿವೇ ಅಳಿದುಹೋಗುತ್ತದೆ. ಓಲೆಗರಿಯಲ್ಲಿ ಹುಳು ತಿಂದ ಜಾಗವು ತೂತಾಗಿ ಕಾಣುತ್ತದೆ. ಪಂಡಿತನು ತಿದ್ದಿದ ಜಾಗವು ಕಾಣುವುದೇ ಇಲ್ಲ.

ಇದಕ್ಕೆ ವ್ಯತಿರೇಕವಾಗಿ ಧವಳಾ ಗ್ರಂಥದ ಚರಿತ್ರೆಯನ್ನು ನೆನೆಯಬಹುದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಹಳೆಯ ಕನ್ನಡ ಲಿಪಿಯ ಗರಿಗಳಿಂದ ಒಂದು ಪ್ರತಿ, ಆ ಪ್ರತಿಯಿಂದ ಮತ್ತೊಂದು ಪ್ರತಿ ಹೀಗೆ ಹೊರಬಂದ ಪಾಠವನ್ನು ಆಧರಿಸಿ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಮುಂದೆ ಮೂಡಬಿದಿರೆಯ ಮೂಲಕ್ಕೇ ಹೋಲಿಸಿನೋಡುವ ಅನುಕೂಲ ಒದಗಿದಾಗ ಪಾಠಭೇದಗಳನ್ನು ಬಹಿರಂಗವಾಗಿ ಅಚ್ಚು ಮಾಡಿದರು. ಅಲ್ಲಿ ತಪ್ಪು ತಿದ್ದಿಕೊಳ್ಳಲು ಸಾಧ್ಯವಾದುದು ಮೂಲವು ಉಳಿದಿದ್ದುದರಿಂದ, ಮತ್ತು ಭೇದವನ್ನು ಬಚ್ಚಿಡಬಾರದೆಂಬ ನಿಷ್ಠೆ ಇದ್ದುದರಿಂದ. ಎಲ್ಲ ಭಂಡಾರಗಳಿಗೂ ಆ ಭಾಗ್ಯವಿಲ್ಲ.

ಇಷ್ಟರಿಂದ ಫಲಿಸುವುದನ್ನು ಸಂಗ್ರಹಿಸುವುದಾದರೆ: ಪ್ರತಿ ಮಾಡುವವನು ಗರಿಯಲ್ಲಿರುವುದನ್ನೇ ಬರೆಯಬೇಕು; ತನಗೆ ಅಶುದ್ಧವೆಂದು ತೋರಿದುದನ್ನು ಅಂಚಿನಲ್ಲಿ ಹೇಳಬೇಕು. ಸಂಪಾದಕನು ಸರ್ವಾರ್ಥಸಿದ್ಧಿ, ವಾರ್ತಿಕಗಳಲ್ಲಿ ತೊಗಲನ್ನು ತತವಾಗಿಯೂ, ಧವಳಾ, ತಾತ್ಪರ್ಯವೃತ್ತಿಗಳಲ್ಲಿ ತಂತಿಯನ್ನು ತತವಾಗಿಯೂ ಉಳಿಸಿ ಭೇದವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಬೇಕು. ಕನ್ನಡಕ್ಕೆ ಅನುವಾದಿಸುವವರು ಮೂಲದ ಸಂಜ್ಞೆಯನ್ನು ಹಾಗೆಯೇ ಇಟ್ಟು ಅದರ ಪಕ್ಕದಲ್ಲಿ ತೊಗಲಿನ ವಾದ್ಯ, ತಂತಿಯ ವಾದ್ಯ ಎಂಬ ನಮ್ಮ ಮಾತುಗಳನ್ನು ಸೇರಿಸಿದರೆ ಓದುಗನಿಗೆ ಸಂದೇಹವಿರದು, ಮೂಲಕ್ಕೂ ಅಪಚಾರವಾಗದು.

ಈ ಮಾರ್ಗವನ್ನು ನಮಗೆ ತೋರಿದವರು ಪೂರ್ವಪಕ್ಷದವರು ಸಾಕ್ಷಿಗೆ ಕರೆದ ವೀರಸೇನಾಚಾರ್ಯರೇ. ಧವಳೆಯಲ್ಲಿ ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿಗಳೆಂದು ಭಿನ್ನ ಉಪದೇಶಗಳು ಎದುರಾದಾಗ ಅವರು ಎರಡನ್ನೂ ದಾಖಲಿಸುತ್ತಾರೆ. ನಿರ್ಣಯಿಸಬಲ್ಲ ಕೇವಲಿಗಳು ಈಗ ಇಲ್ಲದಿರುವಲ್ಲಿ ಪಾಪಭೀರುಗಳಾದ ಆಚಾರ್ಯರು ಎರಡನ್ನೂ ಸಂಗ್ರಹಿಸಬೇಕೆಂಬುದು ಅವರ ನಿಲುವು. ಸಿದ್ಧಾಂತದ ವಿಷಯದಲ್ಲಿ ಅಷ್ಟು ದೊಡ್ಡವರು ತೋರಿದ ಸಂಯಮವನ್ನು ವಾದ್ಯದ ಹೆಸರಿನ ವಿಷಯದಲ್ಲಿ ನಾನು ತೋರಲಿಲ್ಲ. ಭಂಡಾರದಲ್ಲಿರುವ ನನ್ನ ಪ್ರತಿಯ ಆ ಪುಟಕ್ಕೆ ಈಗ ಒಂದು ಚೀಟಿಯನ್ನು ಅಂಟಿಸಿ ಬಂದಿದ್ದೇನೆ: ಗರಿಯಲ್ಲಿ ತೊಗಲಿನ ವಾದ್ಯಕ್ಕೆ ತತವೆಂದೇ ಇತ್ತು, ಇಲ್ಲಿರುವುದು ಪ್ರತಿ ಮಾಡಿದವನ ತಿದ್ದುಪಡಿ, ಇದನ್ನು ಪಾಠವೆಂದು ಉದಾಹರಿಸಬಾರದು. ಭಂಡಾರಗಳಲ್ಲಿ ಹಿಂದೆ ಪ್ರತಿ ಮಾಡಿದ ನಮ್ಮ ವಯಸ್ಸಿನ ವಿದ್ವಾಂಸರು ತಮ್ಮ ಕೈಬರಹಗಳನ್ನು ಒಮ್ಮೆ ಬಿಚ್ಚಿ ನೋಡಿ, ನೆನಪಿರುವಾಗಲೇ ಇಂತಹ ಚೀಟಿಗಳನ್ನು ಅಂಟಿಸುವುದು ಒಳ್ಳೆಯದು.